ಕಸದ ಜಾಡು ಹಿಡಿದು ಇಂಟರ್ನ್‌ಶಿಪ್‌ಗೆ

ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಬೇಕು ಅಂದರೆ ವಿದ್ಯಾರ್ಥಿಗಳಿಗೆ ದಾರಿ ಗೊತ್ತಿದೆ. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಇದೆ, ಲಿಂಕ್ಡ್‌ಇನ್ ಇದೆ, ಪರಿಚಯದ ಸೀನಿಯರ್ ಇರುತ್ತಾರೆ. ತ್ಯಾಜ್ಯ ನಿರ್ವಹಣೆಯಲ್ಲಿ ಬೇಕು ಅಂದವರಿಗೆ ಈ ಮೂರೂ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಹುಡುಕಿದರೆ ಸಿಗುವ ಜಾಹೀರಾತುಗಳು ಬೆರಳೆಣಿಕೆಯಷ್ಟು, ಅವೂ ಬಹುತೇಕ ಬೆಂಗಳೂರಿನವು. ಹಾಗಂತ ಕೆಲಸ ಇಲ್ಲ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ 300ಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿವೆ, 6 ಸಾವಿರದ ಆಸುಪಾಸು ಗ್ರಾಮ ಪಂಚಾಯಿತಿಗಳಿವೆ. ಬೆಳಗಾದರೆ ಇವೆಲ್ಲ ಕಸ ಎತ್ತಲೇಬೇಕು. ಎತ್ತಿದ್ದನ್ನು ತೂಗಿ ಬರೆದಿಡುವವರು, ಯಾವ ಬೀದಿಯಿಂದ ಏನು ಬರುತ್ತಿದೆ ಎಂದು ನೋಡುವವರು, ಗೊಬ್ಬರ ಯಾಕೆ ಸರಿಯಾಗಿ ಆಗುತ್ತಿಲ್ಲ ಎಂದು ಪರೀಕ್ಷೆ ಮಾಡುವವರು ಮಾತ್ರ ಹೆಚ್ಚಿನ ಕಡೆ ಇಲ್ಲ. ಆ ಜಾಗಕ್ಕೆ ಒಬ್ಬ ವಿದ್ಯಾರ್ಥಿ ಬೇಕು ಎಂದು ಅಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಹೊಳೆಯುವಂತೆ ಮಾಡುವುದೇ ನಿಮ್ಮ ಮೊದಲ ಕೆಲಸ.

ಅದಕ್ಕೆ ನಾನು ಕೊಡುವ ಸಲಹೆ ಒಂದೇ. ಅರ್ಜಿ ಬರೆಯುವ ಮೊದಲು ನಿಮ್ಮೂರಿನ ಕಸ ಎಲ್ಲಿಗೆ ಹೋಗುತ್ತದೆ ಎಂದು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ.

ಪೌರಕಾರ್ಮಿಕರ ಹಾಜರಾತಿ ಬೆಳಗಿನ ಜಾವಕ್ಕೇ ಆಗಿಬಿಡುತ್ತದೆ. ಮಸ್ಟರಿಂಗ್ ನಡೆಯುವ ಜಾಗ ಎಲ್ಲಿ ಅಂತ ನಿಮ್ಮ ಬೀದಿ ಗುಡಿಸುವ ಅಕ್ಕನನ್ನೇ ಕೇಳಿ, ಹೇಳುತ್ತಾರೆ. ಅಲ್ಲಿ ಮೇಸ್ತ್ರಿ ಇರುತ್ತಾರೆ, ಒಮ್ಮೊಮ್ಮೆ ಆರೋಗ್ಯ ನಿರೀಕ್ಷಕರೂ ಬಂದಿರುತ್ತಾರೆ. ನಿಮ್ಮ ಕಾಲೇಜಿನ ಗುರುತಿನ ಚೀಟಿ ತೋರಿಸಿ, ಆಟೊ ಟಿಪ್ಪರ್ ಹಿಂದೆ ಒಂದೆರಡು ದಿನ ನಡೆಯಲು ಅನುಮತಿ ಕೇಳಿ. ಮನೆ ಬಾಗಿಲಿನಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಬರುತ್ತಿದೆಯೇ ನೋಡಿ. ಬೇರೆ ಮಾಡಿ ಕೊಟ್ಟದ್ದು ಗಾಡಿಯಲ್ಲಿ ಒಂದಾಗುತ್ತಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಜನ ವಿಂಗಡಣೆ ನಿಲ್ಲಿಸುವುದು ಹೆಚ್ಚಾಗಿ ಇದನ್ನು ಕಣ್ಣಾರೆ ಕಂಡಮೇಲೆ. ಗಾಡಿ ಎಲ್ಲಿ ಖಾಲಿಯಾಗುತ್ತದೆ? ಅಲ್ಲಿಂದ ದೊಡ್ಡ ಲಾರಿಗೆ ತುಂಬುತ್ತಾರೋ, ನೇರ ಘಟಕಕ್ಕೆ ಹೋಗುತ್ತದೋ? ಹಾಲಿನ ಕವರು, ರಟ್ಟು, ಬಾಟಲಿಯನ್ನು ದಾರಿಯಲ್ಲೇ ಎತ್ತಿಟ್ಟುಕೊಂಡು ಗುಜರಿಗೆ ಹಾಕುವವರು ಯಾರು, ಆ ಗುಜರಿ ಅಂಗಡಿಯಿಂದ ಮುಂದೆ ಯಾವ ಊರಿಗೆ? ಒಂದು ನೋಟ್‌ಬುಕ್ಕಿನಲ್ಲಿ ಇಷ್ಟನ್ನು ಬರೆದುಕೊಂಡರೆ, ನಿಮ್ಮೂರಿನಲ್ಲಿ ಯಾವ ಯಾವ ಜಾಗದಲ್ಲಿ ಕಲಿಯಲು ಏನಿದೆ ಎಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಆ ಪಟ್ಟಿ ಯಾವ ಜಾಬ್ ಪೋರ್ಟಲ್‌ನಲ್ಲೂ ಸಿಗುವುದಿಲ್ಲ.

ಕಸ ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರೊಳಗೆ ಬೇರೆ ಬೇರೆ ಉದ್ಯಮಗಳಿವೆ, ಬೇರೆ ಬೇರೆ ಕಾನೂನುಗಳಿವೆ. ಯಾವುದು ನಿಮಗೆ ಬೇಕು ಎಂದು ಮೊದಲೇ ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದು ಗೊಬ್ಬರವಾಗುವ, ಅನಿಲವಾಗುವ ಕಥೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಕೃಷಿ ಓದುವವರಿಗೆ ಹೇಳಿ ಮಾಡಿಸಿದ್ದು. ಗೊಬ್ಬರದ ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ 25–30ಕ್ಕೆ 1ರಷ್ಟಿರಬೇಕು. ರಾಶಿಯ ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಬರೀ ಅನ್ನ, ಸಾರು, ತರಕಾರಿ ಸಿಪ್ಪೆಯನ್ನೇ ಸುರಿದು, ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಸೇರಿಸದಿದ್ದರೆ ರಾಶಿ ಕೊಳೆತು ನಾರುತ್ತದೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ, ಕೊನೆಗೆ ಘಟಕಕ್ಕೆ ಬೀಗ ಬೀಳುತ್ತದೆ. ಒಂದು ಥರ್ಮಾಮೀಟರ್, ಒಂದು ತಕ್ಕಡಿ, ಪ್ರತಿದಿನ ತಪ್ಪದೆ ಬರೆಯುವ ವಿದ್ಯಾರ್ಥಿ ಇದ್ದರೆ ಇಂಥ ಎಷ್ಟೋ ಘಟಕಗಳು ಉಳಿಯುತ್ತವೆ. ಬೆಂಗಳೂರಿನ ಕೂಡ್ಲುವಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾದದ್ದು 1975ರಲ್ಲಿ. ನಗರದ ಕಸದಿಂದ ಗೊಬ್ಬರ ಮಾಡುವ ಅನುಭವ ನಮ್ಮ ರಾಜ್ಯಕ್ಕೆ ಅಷ್ಟು ಹಳೆಯದು.

ಆಸ್ಪತ್ರೆ ಕಸದ ದಾರಿಯೇ ಬೇರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಎಂದು ವಿಂಗಡಣೆ, ಚೀಲಕ್ಕೆ ಬಾರ್‌ಕೋಡ್, ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಮೈಕ್ರೊಬಯಾಲಜಿ, ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ ಓದುವವರು ಜಿಲ್ಲಾಸ್ಪತ್ರೆಯಲ್ಲಾಗಲೀ ಸಾಮೂಹಿಕ ಸಂಸ್ಕರಣಾ ಘಟಕದಲ್ಲಾಗಲೀ ಅವಕಾಶ ಕೇಳಬಹುದು. ಇ-ತ್ಯಾಜ್ಯಕ್ಕೆ 2022ರ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಎಲೆಕ್ಟ್ರಾನಿಕ್ಸ್, ಮೆಟಲರ್ಜಿ ವಿದ್ಯಾರ್ಥಿಗಳು ಬೆಂಗಳೂರು ಬಳಿಯ ದಾಬಸ್‌ಪೇಟೆ ಕಡೆ ನೋಡಬೇಕು, ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಅಲ್ಲೇ. ಶೌಚಗುಂಡಿಯ ಮಲತ್ಯಾಜ್ಯದ ಕಡೆ ಹೋಗಲು ಬಹಳ ಮಂದಿ ಹಿಂಜರಿಯುತ್ತಾರೆ. ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್‌ನವರಿಗೆ ಅದರಷ್ಟು ಕಲಿಸುವ ವಿಷಯ ಇನ್ನೊಂದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದೇಶಕ್ಕೇ ಮಾದರಿಯಾಯಿತು. ಅದನ್ನು ರೂಪಿಸಿದ ಸಿಡಿಡಿ ಸೊಸೈಟಿ ಬೆಂಗಳೂರಿನದ್ದೇ. ಒಳಚರಂಡಿ ಇಲ್ಲದ ಸಣ್ಣ ಪಟ್ಟಣಗಳಿಗೆಲ್ಲ ಮುಂದೆ ಈ ವಿದ್ಯೆ ಬೇಕು.

ಒಣ ಕಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾವ ವಿಷಯ ಓದಿದವರಿಗೂ ಅಲ್ಲಿ ಜಾಗವಿದೆ. ಒಣ ಕಸ ಸಂಗ್ರಹಣಾ ಕೇಂದ್ರದೊಳಗೆ ಒಮ್ಮೆ ಹೋಗಿ ನಿಲ್ಲಿ. ಮೇಜಿನ ಮೇಲೆ, ಇಲ್ಲವೇ ನೆಲದ ಮೇಲೆ ಸುರಿದ ರಾಶಿಯ ಸುತ್ತ ಐದಾರು ಹೆಂಗಸರು ಕೂತಿರುತ್ತಾರೆ. ನೀರಿನ ಬಾಟಲಿ ಪೆಟ್ ಚೀಲಕ್ಕೆ ಹೋಗುತ್ತದೆ, ಅದರ ಮುಚ್ಚಳ ಬೇರೆ ಡಬ್ಬಕ್ಕೆ. ಹಾಲಿನ ಕವರು ಒಂದು ಕಡೆ, ಶಾಂಪೂ ಡಬ್ಬಿ ಇನ್ನೊಂದು ಕಡೆ, ಬಿಳಿ ಹಾಳೆ ಬೇರೆ, ರಟ್ಟು ಬೇರೆ, ಟೆಟ್ರಾ ಪ್ಯಾಕ್ ಬೇರೆ. ಒಂದು ಪ್ಲಾಸ್ಟಿಕ್ ಹಾಳೆ ಕೈಗೆ ಬಂದರೆ ಅವರು ಅದನ್ನು ಮುದುರಿ ಸದ್ದು ಕೇಳುತ್ತಾರೆ, ಬೆರಳಲ್ಲಿ ಎಳೆದು ನೋಡುತ್ತಾರೆ, ಕ್ಷಣದಲ್ಲಿ ಸರಿಯಾದ ಚೀಲಕ್ಕೆ ಎಸೆಯುತ್ತಾರೆ. ನೀವು ಪುಸ್ತಕದಲ್ಲಿ 1 ಅಂದರೆ ಪೆಟ್, 2 ಅಂದರೆ ಎಚ್‌ಡಿಪಿಇ, 4 ಅಂದರೆ ಎಲ್‌ಡಿಪಿಇ, 5 ಅಂದರೆ ಪಿಪಿ ಎಂದು ಓದಿದ್ದನ್ನು ಅವರು ಕೈಯಲ್ಲಿ ಕಲಿತಿದ್ದಾರೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳು ಬಂದಾಗ ಮಾತ್ರ ಅವರ ಕೈ ಬೇಸರದಿಂದ ಅದನ್ನು ಮೂಲೆಗೆ ತಳ್ಳುತ್ತದೆ, ಅದಕ್ಕೆ ಕೊಳ್ಳುವವರಿಲ್ಲ. ಹಲವು ಪದರಗಳ ಆ ಪ್ಲಾಸ್ಟಿಕ್ ಒತ್ತಿ ಕಟ್ಟಿದ ಬೇಲ್ ಆಗಿ, ಬೆಂಗಳೂರಿನಂಥ ಕಡೆಯಿಂದ ನೂರಾರು ಕಿಲೋಮೀಟರ್ ದೂರದ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಉರುವಲಾಗಿ ಹೋಗುತ್ತದೆ. ಸಾಗಣೆಯ ಖರ್ಚು ಯಾರು ಕೊಡಬೇಕು ಎಂಬ ಜಗಳ ಅಲ್ಲಿಂದಲೇ ಶುರು. ಪ್ಲಾಸ್ಟಿಕ್ ಪೊಟ್ಟಣ ಮಾರುವ ಕಂಪನಿಗಳೇ ಅದನ್ನು ವಾಪಸು ಪಡೆದು ವಿಲೇವಾರಿ ಮಾಡುವ ಹೊಣೆ ಹೊರಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿತು. ಇಪಿಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಯಾವ ಕಂಪನಿಯ ಲೆಕ್ಕಕ್ಕೆ ಎಷ್ಟು ಟನ್ ಹೋಯಿತು, ಆ ಲೆಕ್ಕ ನಿಜವೇ ಎಂದು ನೋಡಲು ಬಿ.ಕಾಂ. ಓದಿದವರು ಬೇಕು, ಕಂಪ್ಯೂಟರ್ ಸೈನ್ಸ್‌ನವರು ಬೇಕು. ಆ ಹೆಂಗಸರ ಕೂಲಿ, ಆರೋಗ್ಯ, ಮಕ್ಕಳ ಶಾಲೆ ನೋಡಲು ಸಮಾಜಕಾರ್ಯದವರು ಬೇಕು. ಒಂದು ಕೇಂದ್ರದಲ್ಲಿ ಆರು ವಾರ ಕೂತರೆ ಇದಿಷ್ಟೂ ಕಣ್ಣೆದುರು ನಡೆಯುತ್ತದೆ.

ಬೆಂಗಳೂರಿನಲ್ಲಿ ಈ ಕ್ಷೇತ್ರ ಬೆಳೆದದ್ದರ ಹಿಂದೆ ಹಳ್ಳಿಗಳ ಸಂಕಟವಿದೆ. ಇದನ್ನು ತಿಳಿಯದೆ ಅಲ್ಲಿ ಇಂಟರ್ನ್ ಆಗಿ ಹೋಗಬಾರದು ಎಂಬುದು ನನ್ನ ನಂಬಿಕೆ. ನಗರದ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳ ನೆಲಕ್ಕೆ ಬಿತ್ತು. ಬಾವಿ ನೀರು ಕೆಟ್ಟಿತು, ಜನ ರಸ್ತೆಗಿಳಿದರು. 2012ರಲ್ಲಿ ಮಾವಳ್ಳಿಪುರ ನಿಂತಿತು, 2014ರ ಕೊನೆಗೆ ಮಂಡೂರೂ ನಿಂತಿತು. ಎಸೆಯಲು ಜಾಗವಿಲ್ಲದೆ ಹೋದಾಗಲೇ ನಗರ ವಿಂಗಡಣೆಯ ಮಾತನ್ನು ಕಿವಿಗೆ ಹಾಕಿಕೊಂಡಿತು. ಹಸಿಗೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ಪದ್ಧತಿಗೆ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಬೆಂಬಲ ಸಿಕ್ಕಿತು. ಅದಕ್ಕೂ ಹಿಂದೆ, 1996ರಲ್ಲಿ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೇ ದೇಶದ ಮೊದಲ ಘನತ್ಯಾಜ್ಯ ನಿಯಮಗಳಿಗೆ, ಅಂದರೆ 2000ದ ನಿಯಮಗಳಿಗೆ, ದಾರಿ ಮಾಡಿತು. ಈಗ ನಗರದ ಕಸದ ಹೊಣೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು. ಅದರಾಚೆ ತ್ಯಾಜ್ಯ ಶ್ರಮಿಕರನ್ನು ಸಂಘಟಿಸಿರುವ ಹಸಿರುದಳ, 2001ರಿಂದ ಕೆಲಸ ಮಾಡುತ್ತಿರುವ ಸಾಹಸ್, ಮನೆ ಮಟ್ಟದ ಗೊಬ್ಬರದ ಮಡಕೆಗಳನ್ನು ಜನಪ್ರಿಯಗೊಳಿಸಿದ ಡೈಲಿ ಡಂಪ್ ಇವೆಲ್ಲ ವಿದ್ಯಾರ್ಥಿಗಳು ಮೊದಲು ಬಾಗಿಲು ತಟ್ಟಬೇಕಾದ ಜಾಗಗಳು. ದೊಡ್ಡ ಅಪಾರ್ಟ್‌ಮೆಂಟುಗಳ ಕಸ ಒಯ್ಯಲು ಮಾನ್ಯತೆ ಪಡೆದ ಖಾಸಗಿ ಸಂಸ್ಥೆಗಳೂ ಬೇಕಾದಷ್ಟಿವೆ. ಇವರಿಗೆ ಜನ ಸದಾ ಬೇಕು. ನಿವಾಸಿಗಳಿಗೆ ತಿಳಿವಳಿಕೆ ಹೇಳಲು, ತೂಕದ ದಾಖಲೆ ಇಡಲು ಇಂಟರ್ನ್‌ಗಳನ್ನು ಬೇಗ ಒಪ್ಪುತ್ತಾರೆ.

ಆದರೂ ಬೆಂಗಳೂರಿಗೇ ಬರಬೇಕು ಎಂಬ ಹಟ ಬೇಡ. ಮೈಸೂರಿನ ಕುಂಬಾರಕೊಪ್ಪಲಿನ ಘಟಕ ಸಣ್ಣ ಪ್ರಮಾಣದಲ್ಲಿ ಕಸ ನಿರ್ವಹಿಸುವುದು ಹೇಗೆ ಎಂದು ಕಲಿಯಲು ಒಳ್ಳೆಯ ಜಾಗ. ಅದೇ ಊರಿನ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಎಸ್‌ಜೆಸಿಇಯಲ್ಲಿ ಪರಿಸರ ಎಂಜಿನಿಯರಿಂಗ್ ವಿಭಾಗವಿದೆ, ಅಲ್ಲಿನ ಅಧ್ಯಾಪಕರ ಮಾರ್ಗದರ್ಶನ ಕೇಳಬಹುದು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನ ಮಳೆಗೆ ಕಸದ ಗುಡ್ಡ ಜಾರಿ ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಬಂದು ಬಿತ್ತು. ಅಡಿಕೆ ತೋಟ ಕಣ್ಮುಂದೆಯೇ ಕಸದಡಿ ಹೋಯಿತು. ಹಳೇ ಕಸವನ್ನು ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್, ಕಲ್ಲು ಬೇರೆ ಮಾಡುವ ಬಯೋಮೈನಿಂಗ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಕರಾವಳಿಯಲ್ಲೇ ಕುಂದಾಪುರ ತಾಲ್ಲೂಕಿನ ವಂಡ್ಸೆ ಗ್ರಾಮ ಪಂಚಾಯಿತಿ ಕಸದಿಂದ ಆದಾಯ ತೆಗೆಯುವ ಘಟಕ ನಡೆಸಿ ಹೆಸರಾಯಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಅನೇಕ ಪಂಚಾಯಿತಿಗಳ ಒಣ ಕಸ ಒಂದೇ ಕಡೆ ಸೇರಿಸಿ ಬೇರ್ಪಡಿಸುವ ಘಟಕ ಬಂತು.

ನನ್ನನ್ನು ಕೇಳಿದರೆ, ಕಾರ್ಪೊರೇಟ್ ಕಚೇರಿಯ ಸಸ್ಟೇನಬಿಲಿಟಿ ವಿಭಾಗದಲ್ಲಿ ಎರಡು ತಿಂಗಳು ಪ್ರೆಸೆಂಟೇಶನ್ ಮಾಡುವುದಕ್ಕಿಂತ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ, ಅಂದರೆ ಹಳ್ಳಿಯ ಕಸದ ಘಟಕದಲ್ಲಿ, ಒಂದು ತಿಂಗಳು ಕಳೆಯುವುದು ಮೇಲು. ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಎಷ್ಟೋ ಕಡೆ ಕಸದ ಗಾಡಿಯ ಡ್ರೈವಿಂಗ್ ಕಲಿತು ತಾವೇ ಓಡಿಸುತ್ತಿದ್ದಾರೆ. ಮನೆಮನೆಯಿಂದ ತಿಂಗಳ ಶುಲ್ಕ ವಸೂಲಿ ಮಾಡುವುದು, ಗಾಡಿಯ ಡೀಸೆಲ್‌ಗೆ ಹೊಂದಿಸುವುದು, ಒಣ ಕಸ ಮಾರಿದ ದುಡ್ಡನ್ನು ಹಂಚಿಕೊಳ್ಳುವುದು ಎಲ್ಲವೂ ಅವರದೇ ಲೆಕ್ಕ. ತಂತ್ರಜ್ಞಾನ, ಹಣಕಾಸು, ಊರಿನ ರಾಜಕೀಯ ಮೂರೂ ಒಂದೇ ಶೆಡ್ಡಿನಲ್ಲಿ ಕಾಣಸಿಗುವ ಜಾಗ ಇದು. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲ: ಸ್ವಂತ ಊರಿನಲ್ಲೇ ಇದ್ದುಕೊಂಡು ಮಾಡಬಹುದು, ಬಾಡಿಗೆ, ಊಟದ ಖರ್ಚು ಇರುವುದಿಲ್ಲ.

ಈಗ ಅರ್ಜಿಯ ವಿಷಯ. ಯಾರಿಗೆ ಬರೆಯಬೇಕು ಎಂಬಲ್ಲೇ ಎಷ್ಟೋ ಅರ್ಜಿಗಳು ಸಾಯುತ್ತವೆ. ಮಹಾನಗರ ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಯಾದರೆ ಪಿಡಿಒಗೆ. ಮೇಲೆ ಹೆಸರು ಅವರದ್ದಾದರೂ ನಿಮ್ಮನ್ನು ನಿಜವಾಗಿ ಕೆಲಸಕ್ಕೆ ಹಚ್ಚುವವರು ಆ ಕಚೇರಿಯ ಪರಿಸರ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರು. ಮೊದಲು ಅವರನ್ನು ಕಂಡು ಮಾತಾಡಿ. ಬೆಳಗಿನ ಹೊತ್ತು ಅವರು ಬೀದಿಯಲ್ಲಿರುತ್ತಾರೆ, ಹನ್ನೊಂದರ ಮೇಲೆ ಕಚೇರಿಗೆ ಬರುತ್ತಾರೆ. ಅವರು ‘ಆಯ್ತಮ್ಮ, ಲೆಟರ್ ಕೊಡು’ ಅಂದಮೇಲೆ ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದಿನ ವಾರ ಹೋದಾಗ ಫೈಲು ಎಲ್ಲಿದೆ ಎಂದು ಹುಡುಕಲು ಆ ನಂಬರೇ ಆಧಾರ. ಕಾಲೇಜಿನಿಂದ ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಸಹಿಯ ಪತ್ರ ಜೊತೆಗಿರಲೇಬೇಕು.

ಅರ್ಜಿಯಲ್ಲಿ ‘ಪರಿಸರದ ಬಗ್ಗೆ ನನಗೆ ಅಪಾರ ಆಸಕ್ತಿ’ ಎಂಬಂಥ ಸಾಲುಗಳು ಏನನ್ನೂ ಹೇಳುವುದಿಲ್ಲ. ನೀವು ಕಸದ ಜಾಡಿನಲ್ಲಿ ಕಂಡದ್ದನ್ನೇ ಬರೆಯಿರಿ. ಮಾದರಿಗೆ ಒಂದು:

‘ಮಾನ್ಯರೇ, ನಾನು ಬಿ.ಎಸ್ಸಿ. ಮೂರನೇ ವರ್ಷದ ವಿದ್ಯಾರ್ಥಿನಿ. ಕಳೆದ ವಾರ ಆರೋಗ್ಯ ನಿರೀಕ್ಷಕರ ಅನುಮತಿ ಪಡೆದು ನಮ್ಮ ವಾರ್ಡಿನ ಆಟೊ ಟಿಪ್ಪರ್ ಜೊತೆ ಹೋಗಿ ನೋಡಿದೆ. ಮನೆಗಳಿರುವ ಬೀದಿಗಳಲ್ಲಿ ಹಸಿ ಕಸ ಬಹುಪಾಲು ಬೇರೆಯಾಗಿ ಬರುತ್ತಿದೆ. ಹಾಸ್ಟೆಲು, ಪಿಜಿಗಳಿರುವ ಬೀದಿಯಲ್ಲಿ ಎಲ್ಲ ಮಿಶ್ರವಾಗಿ ಬರುತ್ತಿದೆ. ಇದಕ್ಕೆ ಕಾರಣ ತಿಳಿದು, ಏನು ಮಾಡಬಹುದೆಂದು ಸೂಚಿಸಲು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಆರು ವಾರ ತಮ್ಮ ಕಚೇರಿಯಲ್ಲಿ ಇಂಟರ್ನ್ ಆಗಿ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ದಿನವೂ ತೂಕ ದಾಖಲಿಸುತ್ತೇನೆ. ಕೊನೆಗೆ ಬೀದಿವಾರು ವರದಿಯನ್ನು ಕನ್ನಡದಲ್ಲಿ ಸಲ್ಲಿಸುತ್ತೇನೆ. ಕಾಲೇಜಿನ ಪತ್ರ ಲಗತ್ತಿಸಿದೆ.’

ಇಷ್ಟು ಸಾಕು. ಇದನ್ನು ಓದಿದ ಅಧಿಕಾರಿಗೆ ಮೂರು ವಿಷಯ ತಿಳಿಯುತ್ತವೆ: ಈ ಹುಡುಗಿ ಆಗಲೇ ಬೀದಿಗಿಳಿದು ನೋಡಿದ್ದಾಳೆ, ಅವಳಿಗೆ ಏನು ಕೆಲಸ ಕೊಡಬೇಕು ಎಂದು ತಾನು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕೊನೆಗೆ ಕಚೇರಿಗೆ ಉಪಯೋಗಕ್ಕೆ ಬರುವ ಕಾಗದವೊಂದು ಸಿಗುತ್ತದೆ. ಖಾಸಗಿ ಸಂಸ್ಥೆಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವಾಗಲೂ ಇದೇ ಕ್ರಮ. ಕಂಡದ್ದೇನು, ಕೇಳುವ ಪ್ರಶ್ನೆ ಏನು, ಕೊಡುವುದೇನು, ಯಾವಾಗಿನಿಂದ ಯಾವಾಗಿನವರೆಗೆ. ರೆಸ್ಯೂಮೆ ಒಂದೇ ಪುಟ ಇರಲಿ. ಉತ್ತರ ಬರದಿದ್ದರೆ ಹತ್ತು ದಿನದ ಮೇಲೆ ಫೋನ್ ಮಾಡಿ. ಈ ಸಂಸ್ಥೆಗಳಲ್ಲಿ ಜನ ದಿನವಿಡೀ ಫೀಲ್ಡಿನಲ್ಲಿರುತ್ತಾರೆ, ಮೇಲ್ ನೋಡದಿರುವುದು ಅಸಡ್ಡೆಯಿಂದಲ್ಲ.

ಸರ್ಕಾರದ ಪೋರ್ಟಲ್‌ಗಳನ್ನೂ ಬಿಡಬೇಡಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಹೊಸ ಪದವೀಧರರಿಗೆ ಇಂಟರ್ನ್‌ಶಿಪ್ ಕೊಡಲೆಂದೇ 2020ರ ಜೂನ್‌ನಲ್ಲಿ ಟುಲಿಪ್ ಎಂಬ ಯೋಜನೆ ಶುರುವಾಯಿತು, ಅವಧಿ 8 ವಾರದಿಂದ 1 ವರ್ಷದವರೆಗೆ. ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿ ಇಟ್ಟಿರಬೇಕು. ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಜಿಲ್ಲೆಗಳಲ್ಲೂ ಪ್ರಾದೇಶಿಕ ಕಚೇರಿಗಳಿವೆ. ಪ್ರಯೋಗಾಲಯದ ಕೆಲಸ ಬೇಕೆನ್ನುವವರು ಅಲ್ಲಿ ವಿಚಾರಿಸಬಹುದು. ವಿಟಿಯು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇರುವುದರಿಂದ ಎಷ್ಟು ವಾರ ಬೇಕು, ದಿನಚರಿ ಯಾವ ನಮೂನೆಯಲ್ಲಿ ಇರಬೇಕು ಎಂದು ಕಾಲೇಜಿನಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಬೇಸಿಗೆ ರಜೆಯ ಜಾಗಕ್ಕೆ ಜನವರಿ–ಫೆಬ್ರವರಿಯಲ್ಲೇ ಓಡಾಡಬೇಕು. ಮಾರ್ಚ್ ತಿಂಗಳಲ್ಲಿ ಕಚೇರಿಗಳೆಲ್ಲ ಲೆಕ್ಕಪತ್ರದ ಗಡಿಬಿಡಿಯಲ್ಲಿರುತ್ತವೆ, ಆಗ ನಿಮ್ಮ ಅರ್ಜಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ದುಡ್ಡಿನ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಇಂಟರ್ನ್‌ಶಿಪ್‌ಗೆ ಸೇರಲು ನೀವೇ ಸಾವಿರಗಟ್ಟಲೆ ಶುಲ್ಕ ಕಟ್ಟಿ, ಕೊನೆಗೆ ಪ್ರಮಾಣಪತ್ರ ತಗೊಳ್ಳಿ ಎನ್ನುವ ಸಂಸ್ಥೆಗಳ ಕಡೆ ತಲೆ ಹಾಕಬೇಡಿ. ಅಲ್ಲಿ ಕಲಿಕೆ ಇರುವುದಿಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಸ್ಟೈಪೆಂಡ್ ಸಿಗುವುದು ಅಪರೂಪ, ಖಾಸಗಿ ಕಂಪನಿಗಳಲ್ಲಿ ಸಿಗುತ್ತದೆ. ಸಂಬಳ ಇಲ್ಲದಿದ್ದರೂ ಬಸ್ ಚಾರ್ಜು, ಕೈಗವಸು, ಮಾಸ್ಕಿನ ಖರ್ಚನ್ನು ಕೇಳುವುದು ತಪ್ಪಲ್ಲ. ಬಡ ಮನೆಯ ಮಕ್ಕಳು ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಈ ಕ್ಷೇತ್ರದಿಂದ ಹಿಂದೆ ಸರಿಯುವಂತಾಗಬಾರದು. ಕಾಲೇಜುಗಳು ತಮ್ಮ ಎನ್ನೆಸ್ಸೆಸ್ ಅಥವಾ ವಿದ್ಯಾರ್ಥಿ ನಿಧಿಯಿಂದ ಇಷ್ಟನ್ನಾದರೂ ಕೊಡಬೇಕು.

ಸುರಕ್ಷತೆಯಲ್ಲಿ ಯಾವ ರಾಜಿಯೂ ಇಲ್ಲ. ಸೇರುವ ಮೊದಲು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ, ಆಸ್ಪತ್ರೆ ಕಸದ ಕಡೆ ಹೋಗುವವರು ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ಚಪ್ಪಲಿಯಲ್ಲಿ ಘಟಕದೊಳಗೆ ಕಾಲಿಡಬೇಡಿ. ದಪ್ಪ ಅಟ್ಟೆಯ ಬೂಟು ಬೇಕು, ಗಾಜಿನ ಚೂರು, ಬ್ಲೇಡು, ಸಿರಿಂಜು ಯಾವ ಚೀಲದಲ್ಲಿರುತ್ತವೆ ಎಂದು ಹೇಳಲಾಗದು. ಯಾರೇ ಹೇಳಲಿ, ಮ್ಯಾನ್‌ಹೋಲ್‌ಗೆ, ಶೌಚಗುಂಡಿಗೆ, ಕಸದಿಂದ ಸೋರುವ ಕೊಳೆನೀರಿನ (ಲೀಚೇಟ್) ತೊಟ್ಟಿಗೆ ಇಳಿಯಬೇಡಿ, ಇಣುಕಲೂ ಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲ್, ಶೌಚಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಕಸದ ಗುಡ್ಡದ ಮೇಲೆ ಒಬ್ಬರೇ ಹತ್ತಬೇಡಿ. ವಿದ್ಯಾರ್ಥಿನಿಯರು ಮೊದಲ ಭೇಟಿಯಲ್ಲೇ ಎರಡು ವಿಷಯ ನೇರವಾಗಿ ಕೇಳಿ: ಅಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ, ಬೆಳಗಿನ ಜಾವ ಬರಲು ವಾಹನ ಸಿಗುತ್ತದೆಯೇ. ಊರ ಹೊರಗಿನ ಎಷ್ಟೋ ಘಟಕಗಳಲ್ಲಿ ಇವೆರಡೂ ಇರುವುದಿಲ್ಲ. ಅಲ್ಲಿ ದಿನವೂ ದುಡಿಯುವ ಹೆಂಗಸರು ಇದನ್ನು ಮೌನವಾಗಿ ಸಹಿಸುತ್ತಿರುತ್ತಾರೆ. ನೀವು ಕೇಳಿದರೆ ಅವರ ಪರವಾಗಿಯೂ ಕೇಳಿದಂತಾಗುತ್ತದೆ.

ಸೇರಿದ ಮೇಲೆ ಮೊದಲ ವಾರದಲ್ಲೇ ಕೈಗೆ ಹತ್ತಬೇಕಾದ ಒಂದು ಕೌಶಲ ಇದೆ, ಕಸದ ಮಾದರಿ ತೆಗೆಯುವುದು. ವಾರ್ಡಿನಿಂದ ಬಂದ ಒಂದು ಗಾಡಿಯ ಕಸವನ್ನು ಟಾರ್ಪಾಲಿನ ಮೇಲೆ ಸುರಿಸಿ, ಸಲಿಕೆಯಿಂದ ಚೆನ್ನಾಗಿ ಕಲಸಿ, ದುಂಡಗೆ ಹರಡಿ ನಾಲ್ಕು ಭಾಗ ಮಾಡುತ್ತಾರೆ. ಎದುರುಬದುರಿನ ಎರಡು ಭಾಗ ತೆಗೆದುಹಾಕಿ ಉಳಿದೆರಡನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಮಾಡುತ್ತಾರೆ. ಹೀಗೆ ಮಾಡುತ್ತಾ ಹೋಗಿ ಬೇರ್ಪಡಿಸಬಹುದಾದಷ್ಟು ಚಿಕ್ಕ ರಾಶಿ ಉಳಿದಾಗ ಹಸಿ, ಕಾಗದ, ಬಟ್ಟೆ, ಪ್ಲಾಸ್ಟಿಕ್‌ನ ಬಗೆಗಳು, ಗಾಜು, ಲೋಹ, ಡಯಪರ್, ಮಣ್ಣು ಎಂದು ಬಿಡಿಸಿ ತೂಗುತ್ತಾರೆ. ಸಾಂದ್ರತೆ ತಿಳಿಯಲು 100 ಲೀಟರಿನ ಡ್ರಮ್ಮಿಗೆ ಕಸ ತುಂಬಿ ತೂಗಿದರಾಯಿತು. ತೂಕ 40 ಕೆಜಿ ಬಂದರೆ ಘನ ಮೀಟರಿಗೆ 400 ಕೆಜಿ ಎಂದರ್ಥ. ಗಾಡಿ ಎಷ್ಟು ಬೇಕು, ಶೆಡ್ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕವೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ತೇವಾಂಶಕ್ಕೆ ಮಾದರಿಯನ್ನು ಕಾಲೇಜಿನ ಲ್ಯಾಬಿಗೆ ಒಯ್ದು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಭಾನುವಾರದ ಕಸ, ಹಬ್ಬದ ಮರುದಿನದ ಕಸ, ಮಾವಿನ ಕಾಲದ ಕಸ ಒಂದರಂತೆ ಇನ್ನೊಂದಿರುವುದಿಲ್ಲ. ಆದ್ದರಿಂದ ಒಂದೇ ದಿನದ ಅಂಕಿ ಹಿಡಿದು ವರದಿ ಬರೆಯಬೇಡಿ, ಕನಿಷ್ಠ ಒಂದು ವಾರ ಸತತವಾಗಿ ತೂಗಿ.

ಅಲ್ಲಿನ ಜನರೊಡನೆ ಹೇಗಿರಬೇಕು ಎಂಬುದು ಇದೆಲ್ಲಕ್ಕಿಂತ ಮುಖ್ಯ. ಕೇಳದೆ ಫೋಟೊ ತೆಗೆಯಬೇಡಿ. ಎಷ್ಟೋ ಹೆಂಗಸರು ತಾವು ಮಾಡುವ ಕೆಲಸವನ್ನು ನೆಂಟರಿಗೆ ಹೇಳಿರುವುದಿಲ್ಲ. ನಿಮ್ಮ ಸ್ಟೇಟಸ್ಸಿನಲ್ಲಿ ಅವರ ಮುಖ ಬಂದರೆ ಅವರ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಅಕ್ಕ, ಅಣ್ಣ ಎಂದು ಮಾತಾಡಿಸಿ, ಹೆಸರು ಕೇಳಿ ನೆನಪಿಟ್ಟುಕೊಳ್ಳಿ, ಅವರು ಕೊಟ್ಟ ಟೀ ಕುಡಿಯಿರಿ. ಮೂಗು ಮುಚ್ಚಿಕೊಂಡು ನಿಂತವರ ಜೊತೆ ಅವರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ, ಅದು ಆರೋಗ್ಯಕ್ಕೆ ಬೇಕು. ಅವರಿಗೂ ಮಾಸ್ಕ್ ಇದೆಯೇ ಎಂದು ನೋಡಿ. ದುಡಿಮೆಯ ಹೊತ್ತಿನಲ್ಲಿ ಪ್ರಶ್ನಾವಳಿ ಹಿಡಿದು ಅಡ್ಡ ಕೂರಬೇಡಿ. ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನಿಮ್ಮ ಅರ್ಧ ಗಂಟೆಯ ಸಂದರ್ಶನ ಅವರ ಸಂಜೆಯ ದುಡ್ಡು ಕಡಿಮೆ ಮಾಡುತ್ತದೆ. ಜೊತೆಗೆ ಕೂತು ಬೇರ್ಪಡಿಸುತ್ತಾ ಮಾತಾಡಿ, ಪ್ರಶ್ನಾವಳಿಯಲ್ಲಿ ಇಲ್ಲದ ಎಷ್ಟೋ ವಿಷಯ ತಾನಾಗಿ ಬರುತ್ತದೆ.

ವರದಿಯನ್ನು ಕಾಲೇಜಿಗೆ ಇಂಗ್ಲಿಷಿನಲ್ಲಿ ಕೊಟ್ಟರೂ ನಾಲ್ಕು ಪುಟದ ಕನ್ನಡ ಸಾರಾಂಶ ಬೇರೆ ಮಾಡಿ. ಒಂದು ಪ್ರತಿ ಅಧಿಕಾರಿಗೆ, ಒಂದು ಪ್ರತಿ ಘಟಕದ ಮೇಲ್ವಿಚಾರಕರಿಗೆ. ಸಲ್ಲಿಸುವ ಮೊದಲು ಕಾರ್ಮಿಕರಿಗೆ ಅದನ್ನು ಓದಿ ಹೇಳಿ. ನಿಮ್ಮ ಅಂಕಿಯಲ್ಲಿ ತಪ್ಪಿದ್ದರೆ ಅವರೇ ಹಿಡಿಯುತ್ತಾರೆ, ತಿದ್ದಲು ಆಗ ಇನ್ನೂ ಸಮಯ ಇರುತ್ತದೆ. ಪ್ರಮಾಣಪತ್ರ ಕೇಳುವಾಗ ‘ಇಂಟರ್ನ್‌ಶಿಪ್ ಯಶಸ್ವಿಯಾಗಿ ಮುಗಿಸಿದ್ದಾರೆ’ ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಯಾವ ತಾರೀಖಿನಿಂದ ಯಾವ ತಾರೀಖು, ಒಟ್ಟು ಎಷ್ಟು ಗಂಟೆ, ಯಾವ ಘಟಕ, ಯಾವ ಕೆಲಸ ಎಂದು ನಮೂದಿಸಿ, ಕಚೇರಿಯ ಲೆಟರ್‌ಹೆಡ್‌ನಲ್ಲಿ ಸೀಲು, ಸಹಿಯೊಂದಿಗೆ ಕೊಡಲು ವಿನಂತಿಸಿ. ಕರಡನ್ನು ನೀವೇ ಟೈಪ್ ಮಾಡಿ ಒಯ್ದರೆ ಅಂದೇ ಸಹಿ ಆಗುತ್ತದೆ, ಇಲ್ಲದಿದ್ದರೆ ಅದಕ್ಕೆಂದೇ ಇನ್ನೂ ಎರಡು ವಾರ ಅಲೆಯಬೇಕು.